ಹಿನ್ನೀರಿಗೊಂದು ಅಗ್ಗದ ಜಿಪಿಎಸ್

ಕೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರ ಅಗ್ಗದ್ದಿರಲಿ, ದುಬಾರಿಯದ್ದಿರಲಿ, ಜಾಗ ಪತ್ತೆ ಮಾಡುವ ಮೂಲ ಕೆಲಸದಲ್ಲಿ ಎರಡಕ್ಕೂ ದೊಡ್ಡ ಅಂತರವಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಮೆರಿಕದ ಉಪಗ್ರಹಗಳು ತಾವೆಲ್ಲಿದ್ದೇವೆ, ಈಗ ಸಮಯವೆಷ್ಟು ಎಂಬುದನ್ನು ಸತತವಾಗಿ ಸಾರುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಯಂತ್ರ ತಾನಿರುವ ಜಾಗವನ್ನು ಲೆಕ್ಕ ಹಾಕಿಕೊಳ್ಳುತ್ತದೆ. 2000ನೇ ಇಸವಿಯ ಮೇ ತಿಂಗಳವರೆಗೆ ಜನಸಾಮಾನ್ಯರಿಗೆ ಸಿಗುವ ಸಂಕೇತವನ್ನು ಅಮೆರಿಕ ಬೇಕೆಂದೇ ಕೆಡಿಸಿ ಬಿಡುತ್ತಿತ್ತು. ನೂರು ಮೀಟರ್‌ವರೆಗೂ ತಪ್ಪಾಗುತ್ತಿತ್ತು. ಈಗ ಆಕಾಶ ತೆರೆದಿರುವ ಕಡೆ ಸಾಧಾರಣ ಯಂತ್ರವೂ ಐದು ಮೀಟರ್ ಆಸುಪಾಸಿನಲ್ಲಿ ಜಾಗ ತೋರಿಸುತ್ತದೆ. ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ ಸಂಕೇತಗಳನ್ನೂ ಹಿಡಿಯುವ ಯಂತ್ರಗಳು ಪಶ್ಚಿಮ ಘಟ್ಟದ ದಟ್ಟ ಕಾಡಿನಲ್ಲಿ, ಕಡಿದಾದ ಕಣಿವೆಗಳಲ್ಲಿ ಹೆಚ್ಚು ನೆಚ್ಚಿಕೆಗೆ ಅರ್ಹ. ಕಯಾಕ್ ಅಥವಾ ಹರಿಗೋಲಿನಲ್ಲಿ ಹಿನ್ನೀರಿಗೆ ಇಳಿದವರ ತಲೆಯ ಮೇಲೆ ಮಾತ್ರ ಆಕಾಶ ತೆರೆದೇ ಇರುತ್ತದೆ. ನಿಖರತೆಯ ಹೆಸರಿನಲ್ಲಿ ಅವರು ಹೆಚ್ಚು ದುಡ್ಡು ಸುರಿಯಬೇಕಾಗಿಲ್ಲ.

ಬೆಲೆ ಏರುವುದು ಬೇರೆ ಕಾರಣಗಳಿಗೆ: ದೊಡ್ಡ ಬಣ್ಣದ ಪರದೆ, ನಕ್ಷೆ, ಸೆನ್ಸರ್‌ಗಳು, ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸೌಲಭ್ಯ. ಗಾರ್ಮಿನ್ ಕಂಪನಿಯ ಇಟ್ರೆಕ್ಸ್ ಸಾಲನ್ನು ನೋಡಿದರೆ ಇದು ತಿಳಿಯುತ್ತದೆ. 2023ರಲ್ಲಿ ಬಂದ ಇಟ್ರೆಕ್ಸ್ ಎಸ್‌ಇ ಆಗ ಅಮೆರಿಕದಲ್ಲಿ 150 ಡಾಲರ್ ಬೆಲೆಯದಾಗಿತ್ತು. ಪರದೆ ಕಪ್ಪು-ಬಿಳುಪು, ನಕ್ಷೆ ಇಲ್ಲ. ಆದರೆ ಎರಡು ಪೆನ್ಸಿಲ್ ಸೆಲ್‌ಗಳಲ್ಲಿ 168 ಗಂಟೆ ನಡೆಯುತ್ತದೆಂದು ಕಂಪನಿ ಹೇಳುತ್ತದೆ. 2019ರ 22ಎಕ್ಸ್ ಮಾದರಿಯಲ್ಲಿ 2.2 ಇಂಚಿನ ಬಣ್ಣದ ಪರದೆಯಿದೆ, ನಕ್ಷೆ ತುಂಬಿಕೊಳ್ಳಲು ಮೆಮೊರಿ ಕಾರ್ಡಿನ ಜಾಗವಿದೆ, ಸೆಲ್ ಬಾಳುವುದು 25 ಗಂಟೆ. ಅದರ ಅಣ್ಣನಂತಿರುವ 32ಎಕ್ಸ್‌ನಲ್ಲಿ ಹೆಚ್ಚಿಗೆ ಸಿಗುವುದು ಎಲೆಕ್ಟ್ರಾನಿಕ್ ದಿಕ್ಸೂಚಿ ಮತ್ತು ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಸಾಧನ. ಬೆಟ್ಟ ಹತ್ತುವವರಿಗೆ ಎತ್ತರದ ಲೆಕ್ಕ ಉಪಯುಕ್ತ. ನೀರಿನ ಮೇಲಿರುವವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ದಿಕ್ಸೂಚಿಯ ಮಾತು ಬೇರೆ. ಅದಿಲ್ಲದ ಯಂತ್ರಕ್ಕೆ ದಿಕ್ಕು ತಿಳಿಯುವುದು ಚಲಿಸುತ್ತಿರುವಾಗ ಮಾತ್ರ. ಹುಟ್ಟು ನಿಲ್ಲಿಸಿ ಕುಳಿತಾಗ ದೋಣಿಯ ಮೂತಿ ಎತ್ತ ಇದ್ದರೂ, ಅಂಥ ಯಂತ್ರ ಗಾಳಿ ತಳ್ಳುತ್ತಿರುವ ಕಡೆಯನ್ನೇ ಮೂತಿಯ ದಿಕ್ಕೆಂದು ತೋರಿಸುತ್ತದೆ.

ಮೊಬೈಲ್ ಇರುವಾಗ ಇದೆಲ್ಲ ಏಕೆ ಎಂಬ ಪ್ರಶ್ನೆಗೆ ನೀರೇ ಉತ್ತರ. ಹನಿ ಬಿದ್ದ ಟಚ್‌ಸ್ಕ್ರೀನ್ ಒದ್ದೆ ಬೆರಳಿನ ಮಾತು ಕೇಳುವುದಿಲ್ಲ. ನಡುಮಧ್ಯಾಹ್ನದ ಬಿಸಿಲಿಗೆ ಪರದೆ ಮಂಕಾಗಿ, ಬಿಸಿಯೇರಿದ ಫೋನ್ ತಾನಾಗಿ ಬಂದ್ ಆಗುವುದೂ ಉಂಟು. ಗುಂಡಿಗಳಿರುವ ಜಿಪಿಎಸ್ಸನ್ನು ಒದ್ದೆ ಕೈಯಲ್ಲೂ ಒತ್ತಬಹುದು, ಅದರ ಪರದೆ ಬಿಸಿಲು ಬಿದ್ದಷ್ಟೂ ಚೆನ್ನಾಗಿ ಕಾಣುತ್ತದೆ. ನೀರಿಗಾಗಿ ಕೊಳ್ಳುವ ಯಂತ್ರದಲ್ಲಿ ಟಚ್‌ಸ್ಕ್ರೀನ್ ಇಲ್ಲದಿರುವುದೇ ಒಂದು ಗುಣ.

ಡಬ್ಬಿಯ ಮೇಲೆ ಕಾಣುವ ಐಪಿಎಕ್ಸ್7 ಎಂಬ ಗುರುತಿಗೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಡೆದುಕೊಳ್ಳುತ್ತದೆ ಎಂದರ್ಥ. ಅದು ತೇಲುತ್ತದೆ ಎಂದಲ್ಲ. ಇಟ್ರೆಕ್ಸ್ ಕೈಜಾರಿದರೆ ತಳ ಸೇರುತ್ತದೆ. ತೇಲುವ ಮಾದರಿಗಳು, ಉದಾಹರಣೆಗೆ ಅದೇ ಕಂಪನಿಯ ಜಿಪಿಎಸ್‌ಮ್ಯಾಪ್ 79ಎಸ್, ಬೆಲೆಯಲ್ಲಿ ಮೇಲಿನವು. ಸ್ವಲ್ಪ ಗಾಳಿ ತುಂಬಿ ಬಾಯಿ ಬಿಗಿದ ಪಾರದರ್ಶಕ ಪ್ಲಾಸ್ಟಿಕ್ ಚೀಲ ಇದೇ ಕೆಲಸವನ್ನು ಅಗ್ಗದಲ್ಲಿ ಮಾಡುತ್ತದೆ. ಸಂಕೇತಕ್ಕೆ ಪ್ಲಾಸ್ಟಿಕ್ ಅಡ್ಡಿಯಲ್ಲ. ಯಂತ್ರಕ್ಕೆ ಗಿಡ್ಡ ದಾರ ಕಟ್ಟಿ ಲೈಫ್ ಜಾಕೆಟ್ಟಿನ ಭುಜಕ್ಕೆ ಸಿಕ್ಕಿಸುವುದು ಮೇಲು. ದೋಣಿಗೆ ಕಟ್ಟಿದರೆ, ದೋಣಿ ಮಗುಚಿ ಕೊಚ್ಚಿಹೋದಾಗ ಯಂತ್ರವೂ ಅದರ ಜೊತೆಗೇ ಹೋಗುತ್ತದೆ. ಹೊನ್ನಾವರದ ಶರಾವತಿ ಅಳಿವೆಯಂಥ ಉಪ್ಪುನೀರಿನಲ್ಲಿ ಬಳಸಿದ ದಿನ ಸಿಹಿನೀರಿನಲ್ಲಿ ತೊಳೆದು, ಸೆಲ್ ತೆಗೆದು ಒಣಗಿಸದಿದ್ದರೆ ಒಳಗಿನ ಲೋಹದ ಪಟ್ಟಿಗಳು ಹಸಿರುಗಟ್ಟುತ್ತವೆ.

ಪೆನ್ಸಿಲ್ ಸೆಲ್ ಹಾಕುವ ಯಂತ್ರ ಹಳೆಯ ಕಾಲದ್ದೆನಿಸಿದರೂ ಚಾರ್ಜರಿಗಾಗಿ ಹುಡುಕಾಡಬೇಕಾಗುವ ಹಳ್ಳಿ-ಕಾಡುಗಳಲ್ಲಿ ಅದೇ ಜಾಣತನ. ಅಂಥ ಸೆಲ್ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ರೀಚಾರ್ಜ್ ಆಗುವ ಸೆಲ್ ಹಾಕಿದಾಗ ಸೆಟ್ಟಿಂಗ್‌ನಲ್ಲಿ ಅದರ ಬಗೆಯನ್ನು ಬದಲಿಸಬೇಕು. ಇಲ್ಲವಾದರೆ ಚಾರ್ಜ್ ಎಷ್ಟು ಉಳಿದಿದೆ ಎಂಬ ಗುರುತು ಸುಳ್ಳು ಹೇಳುತ್ತದೆ.

ನೀರಿನ ಮೇಲೆ ನಿಜಕ್ಕೂ ಬೇಕಾಗುವುದು ಎರಡು ಅಂಕಿಗಳು: ಗುರಿ ಇರುವ ದಿಕ್ಕು ಮತ್ತು ದೋಣಿ ವಾಸ್ತವವಾಗಿ ಸಾಗುತ್ತಿರುವ ದಿಕ್ಕು. ಪರದೆಯಲ್ಲಿ ಇವೆರಡನ್ನೂ ಒಟ್ಟಿಗೆ ಕಾಣುವಂತೆ ಜೋಡಿಸಿಕೊಳ್ಳಲು ಬಿಡುವ ಯಂತ್ರ ಸಾಕು. ಗುರಿ ನೇರ ಪೂರ್ವಕ್ಕೆ, ಅಂದರೆ 90 ಡಿಗ್ರಿಯಲ್ಲಿದೆ ಎನ್ನೋಣ. ದೋಣಿಯ ಮೂತಿ ಅತ್ತಲೇ ಇದ್ದರೂ ಸಾಗುವ ದಿಕ್ಕು 105 ಎಂದು ತೋರಿಸಿದರೆ, ಉತ್ತರದ ಗಾಳಿ ದೋಣಿಯನ್ನು ದಕ್ಷಿಣಕ್ಕೆ ತಳ್ಳುತ್ತಿದೆ ಎಂದೇ ಲೆಕ್ಕ. ಆಗ ಎರಡನೆಯ ಅಂಕಿ 90ಕ್ಕೆ ಬರುವವರೆಗೆ ಮೂತಿಯನ್ನು ಎಡಕ್ಕೆ ತಿರುಗಿಸಿ ಹುಟ್ಟು ಹಾಕಬೇಕು. ಗುರಿ ತೋರುವ ಬಾಣವನ್ನಷ್ಟೇ ನಂಬಿದವರೂ ಗುರಿ ಮುಟ್ಟುತ್ತಾರೆ, ಆದರೆ ದೊಡ್ಡ ಕಮಾನು ಬಳಸಿ, ತೋಳು ಸೋತ ಮೇಲೆ.

ನಕ್ಷೆಯ ವಿಷಯದಲ್ಲಿ ಅತಿಯಾದ ನಂಬಿಕೆ ಒಳ್ಳೆಯದಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಉಚಿತ ನಕ್ಷೆಗಳನ್ನು 22ಎಕ್ಸ್‌ನಂಥ ಯಂತ್ರಕ್ಕೆ ತುಂಬಿಕೊಳ್ಳಬಹುದು. ಆದರೆ ಜಲಾಶಯಕ್ಕೆ ಒಂದೇ ದಡ ಇರುವುದಿಲ್ಲ. ಶರಾವತಿಯ ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1819 ಅಡಿ. ಮಳೆಗಾಲ ಮುಗಿದಾಗ ತುಂಬಿದ್ದ ನೀರು ಬೇಸಿಗೆಗೆ ಇಳಿದಂತೆ ಗುಡ್ಡಗಳು ದ್ವೀಪವಾಗಿ, ದ್ವೀಪಗಳು ಮತ್ತೆ ದಡವಾಗಿ, ಮುಳುಗಿದ್ದ ಮರದ ಬೊಡ್ಡೆಗಳು ಮೇಲೆದ್ದು ನಿಲ್ಲುತ್ತವೆ. ಅದರ ದಡದ ಹೊನ್ನೆಮರಡುವಿನಿಂದ ಹೊರಟವರಿಗೆ ಒಂದರಂತೆ ಇನ್ನೊಂದು ಕಾಣುವ ನೀರಿನ ಕೈಗಳ ನಡುವೆ ದಾರಿ ಹೇಳುವುದು ನಕ್ಷೆಗಿಂತ ಹೆಚ್ಚಾಗಿ ಅವರೇ ಮಾಡಿಕೊಂಡ ಗುರುತು. ಹೊರಡುವ ಜಾಗವನ್ನೂ ಪ್ರತಿ ತಿರುವಿನ ಬಾಯಿಯನ್ನೂ ಯಂತ್ರದಲ್ಲಿ ಉಳಿಸಿಕೊಂಡು, ಬಂದ ಜಾಡನ್ನೇ ಹಿಡಿದು ಮರಳಬಹುದು. ನಕ್ಷೆಯಿಲ್ಲದ ಎಸ್‌ಇ ಕೂಡ ಇಷ್ಟನ್ನು ಮಾಡುತ್ತದೆ.

ಸಹಾಯಕ್ಕಾಗಿ 112ಕ್ಕೆ ಕರೆ ಮಾಡಿ ಜಾಗ ತಿಳಿಸುವಾಗ ಅಕ್ಷಾಂಶ-ರೇಖಾಂಶದ ಅಂಕಿಗಳನ್ನು ಬರೆಯುವ ಕ್ರಮದಲ್ಲಿ ಎಡವಟ್ಟಾಗುವುದುಂಟು. 14.25 ಡಿಗ್ರಿ ಎಂದರೆ 14 ಡಿಗ್ರಿ 15 ನಿಮಿಷ. ಅದನ್ನು 14 ಡಿಗ್ರಿ 25 ನಿಮಿಷ ಎಂದು ಓದಿಕೊಂಡರೆ ಹುಡುಕುವ ದೋಣಿ ಹದಿನೆಂಟು ಕಿಲೋಮೀಟರ್ ಉತ್ತರಕ್ಕೆ ಹೋಗುತ್ತದೆ. ಯಂತ್ರವನ್ನೂ ಜೊತೆಯವರ ಮೊಬೈಲನ್ನೂ ಒಂದೇ ಕ್ರಮಕ್ಕೆ ಮೊದಲೇ ಹೊಂದಿಸಿಡಬೇಕು. ಸರ್ವೆ ಆಫ್ ಇಂಡಿಯಾದ ಹಳೆಯ ಕಾಗದದ ನಕ್ಷೆಗಳು ಎವರೆಸ್ಟ್ ಎಂಬ ಭೂಮಾಪನ ಮಾನಕದಲ್ಲಿವೆ, ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್84 ಎಂಬ ಬೇರೆ ಮಾನಕವನ್ನು. ಎರಡನ್ನೂ ಬೆರೆಸಿದರೆ ಜಾಗ ನೂರಾರು ಅಡಿ ಆಚೀಚೆ ಆಗುತ್ತದೆ.

ಭಾರತದಲ್ಲಿ ಕೊಳ್ಳುವವರು, ಅದರಲ್ಲೂ ವಿದೇಶದ ನೆಂಟರಿಂದ ತರಿಸಿಕೊಳ್ಳುವವರು, ಮಾದರಿಯ ಹೆಸರಿನ ಕೊನೆಯ ಅಕ್ಷರವನ್ನು ಗಮನಿಸಲೇಬೇಕು. ಜಿಪಿಎಸ್‌ಮ್ಯಾಪ್ 67 ಸಂಕೇತ ಹಿಡಿಯುವ ಯಂತ್ರ ಅಷ್ಟೇ. 67ಐ ಎಂಬುದರಲ್ಲಿ ಇರಿಡಿಯಂ ಉಪಗ್ರಹಗಳ ಮೂಲಕ ಸಂದೇಶ ಕಳುಹಿಸುವ ಇನ್‌ರೀಚ್ ಸೌಲಭ್ಯವಿದೆ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇಂಥದ್ದನ್ನು ಇಟ್ಟುಕೊಳ್ಳುವುದು ಇಲ್ಲಿ ಅಪರಾಧ. ಚೀಲದಲ್ಲಿ ಇನ್‌ರೀಚ್ ಸಿಕ್ಕಿದ್ದಕ್ಕೆ ವಿಮಾನ ನಿಲ್ದಾಣಗಳಲ್ಲಿ ವಿದೇಶಿ ಚಾರಣಿಗರನ್ನು ವಶಕ್ಕೆ ಪಡೆದ ಪ್ರಕರಣಗಳು ನಡೆದಿವೆ.

ಹಳೆಯ ಯಂತ್ರ ಕೊಳ್ಳುವುದೂ ದುಡ್ಡು ಉಳಿಸುವ ದಾರಿಯೇ. ರಬ್ಬರ್ ಗುಂಡಿಗಳು ಬಿರಿದಿವೆಯೇ, ಯುಎಸ್‌ಬಿ ಮುಚ್ಚಳ ಬಿಗಿಯಾಗಿ ಕೂರುತ್ತದೆಯೇ, ಸೆಲ್ ಕೂರುವ ಜಾಗದಲ್ಲಿ ತುಕ್ಕಿದೆಯೇ ಎಂದು ನೋಡಬೇಕು. ಬಳಿಕ ಬಯಲಿನಲ್ಲಿ ಹಚ್ಚಿ ಯಂತ್ರ ತೋರಿಸುವ ತಾರೀಖನ್ನು ಪರೀಕ್ಷಿಸಬೇಕು. ಜಿಪಿಎಸ್‌ನ ವಾರದ ಲೆಕ್ಕ 1024ಕ್ಕೆ ಮುಗಿದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಇತ್ತೀಚೆಗೆ ಹಾಗಾದದ್ದು 2019ರ ಏಪ್ರಿಲ್ 6ರಂದು. ಸಾಫ್ಟ್‌ವೇರ್ ಅಪ್‌ಡೇಟ್ ಆಗದ ಹಳೆಯ ಯಂತ್ರಗಳು ಆಮೇಲೆ ಸುಮಾರು ಇಪ್ಪತ್ತು ವರ್ಷ ಹಿಂದಿನ ತಾರೀಖು ತೋರಿಸುತ್ತವೆ. ಜಾಗವನ್ನು ಸರಿಯಾಗಿಯೇ ಹೇಳಿದರೂ ಅಂಥವುಗಳಲ್ಲಿ ಜಾಡಿನ ದಾಖಲೆಗೆ ಬೀಳುವುದು ತಪ್ಪು ದಿನಾಂಕವೇ.