ಸ್ವರ ಸತ್ತರೆ ಕೂಡಲೇ ಅರ ಹಿಡಿಯಬೇಡಿ

ಎಲ್ಲ ಸ್ವರಗಳೂ ಚೆನ್ನಾಗಿ ಮೊಳಗುವ ಎಲೆಕ್ಟ್ರಿಕ್ ಗಿಟಾರಿನಲ್ಲಿ ಯಾವುದೋ ಒಂದು ಜಾಗಕ್ಕೆ ಬಂದಾಗ ಮಾತ್ರ ತಂತಿ ಠಪ್ಪೆಂದು ಸುಮ್ಮನಾಗುತ್ತದೆ. ಇದೇ ಡೆಡ್ ನೋಟ್. ಫ್ರೆಟ್ ಕೆಟ್ಟಿದೆ ಎಂದುಕೊಂಡು ಅರ ಹಾಕಿಸಲು ಓಡುವವರೇ ಹೆಚ್ಚು. ಎಷ್ಟೋ ಸಲ ಫ್ರೆಟ್ಟಿನ ತಪ್ಪೇ ಇರುವುದಿಲ್ಲ.

ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬಾಸ್ ಇದಕ್ಕೆ ಹೆಸರಾಂತ ಉದಾಹರಣೆ. ಆ ಮಾದರಿಯ ಬಾಸ್‌ಗಳಲ್ಲಿ ಜಿ ತಂತಿಯ ಐದರಿಂದ ಏಳನೇ ಫ್ರೆಟ್ಟಿನ ಸುತ್ತ ಸ್ವರ ಬೇಗ ಸಾಯುವುದು ನುಡಿಸುವವರಿಗೆಲ್ಲ ಗೊತ್ತು. ಕಾರಣ ಇರುವುದು ಕುತ್ತಿಗೆಯ ಮರದಲ್ಲಿ. ಅದಕ್ಕೂ ತನ್ನದೇ ಕಂಪನಾಂಕಗಳಿವೆ. ತಂತಿಯ ಕಂಪನ ಅವುಗಳಲ್ಲೊಂದಕ್ಕೆ ಹೊಂದಿಬಿಟ್ಟರೆ ತಂತಿಯ ಶಕ್ತಿಯನ್ನು ಕುತ್ತಿಗೆಯೇ ಹೀರಿಕೊಳ್ಳುತ್ತದೆ. ದುಬಾರಿ ವಾದ್ಯಕ್ಕೂ ಇದು ತಪ್ಪಿದ್ದಲ್ಲ.

ಪತ್ತೆಹಚ್ಚಲು ಕಾಸು ಖರ್ಚಿಲ್ಲ. ಐದನೇ ಫ್ರೆಟ್ಟಿನಲ್ಲಿ ಸ್ವರ ಸಾಯುತ್ತಿದೆ ಎನ್ನಿ. ಬಿರಡೆ ತಿರುಗಿಸಿ ಆ ತಂತಿಯನ್ನು ಅರ್ಧ ಸ್ವರ ಇಳಿಸಿ, ಮತ್ತೆ ನುಡಿಸಿ. ಈಗ ಐದು ಸರಿಯಾಗಿ ಆರು ಸತ್ತರೆ, ರೋಗ ಆ ಸ್ವರವನ್ನು ಹಿಂಬಾಲಿಸಿತು ಎಂದರ್ಥ, ತಪ್ಪು ಕುತ್ತಿಗೆಯದು. ಗಿಟಾರಿನ ತಲೆಗೆ ಚಿಕ್ಕ ಕ್ಲ್ಯಾಂಪ್ ಕಚ್ಚಿಸಿ ತೂಕ ಹೆಚ್ಚಿಸಿದರೆ ಆ ಜಾಗ ಆಚೀಚೆ ಸರಿಯುತ್ತದೆ. ಪೂರ್ತಿ ಮಾಯವಾಗುತ್ತದೆಂಬ ಭರವಸೆ ಬೇಡ.

ಏನು ಮಾಡಿದರೂ ಅದೇ ಐದನೇ ಫ್ರೆಟ್ಟಿನಲ್ಲೇ ಸಾಯುತ್ತಿದ್ದರೆ ಫ್ರೆಟ್ ನೋಡಿ. ಆದರೆ ಐದನೆಯದನ್ನಲ್ಲ, ಅದರ ಮುಂದಿನ ಆರನ್ನು. ಒತ್ತಿದ ತಂತಿ ಎತ್ತರವಾಗಿರುವ ಮುಂದಿನ ಫ್ರೆಟ್ಟಿಗೆ ತಗುಲಿಯೇ ಝುಯ್ ಎನ್ನುವುದು, ಉಸಿರು ಕಟ್ಟುವುದು. ಮೂರು ಫ್ರೆಟ್ ಮೇಲೆ ಕೂರುವಷ್ಟು ಉದ್ದದ ನೇರ ಉಕ್ಕಿನ ಪಟ್ಟಿ ಇಟ್ಟು ಅಲುಗಿಸಿ. ಟಕ್ ಟಕ್ ಎಂದು ತೂಗಿದರೆ ನಡುವಿನದು ಎದ್ದಿದೆ. ಅದರ ತುದಿಯನ್ನು ಮರದ ಕಡ್ಡಿಯಿಂದ ಒತ್ತಿ ಹಿಡಿದಾಗ ಸ್ವರ ಬಿಡಿಸಿಕೊಂಡರೆ ಫ್ರೆಟ್ ಸಡಿಲವಾಗಿದೆ, ಅಷ್ಟೆ. ಅದನ್ನು ಮತ್ತೆ ಕೂರಿಸಿ ಅಂಟಿಸಿದರೆ ಸಾಕು. ಅರದ ಮಾತೇ ಇಲ್ಲ. ನಮ್ಮ ವೀಣೆಯಲ್ಲಾದರೆ ಮೆಟ್ಟಿಲು ಮೇಣದಲ್ಲಿ ಕೂತಿರುತ್ತದೆ, ಬಿಸಿ ಮಾಡಿ ಮತ್ತೆ ಕೂರಿಸಬಹುದು. ಗಿಟಾರಿನದು ಮರದ ಸೀಳಿಗೆ ಬಡಿದ ಲೋಹ. ಒಮ್ಮೆ ಉಜ್ಜಿದ್ದು ಮರಳಿ ಬರುವುದಿಲ್ಲ.

ಎಷ್ಟೋ ಕಡೆ ಎತ್ತರದ ಫ್ರೆಟ್ ಕೂಡ ಕಾರಣವಲ್ಲ. ಹಳೆಯ ಸ್ಟ್ರಾಟೋಕಾಸ್ಟರ್ ಗಿಟಾರುಗಳಲ್ಲಿ ಫ್ರೆಟ್ ಕೂರುವ ಫಲಕ 7.25 ಇಂಚು ತ್ರಿಜ್ಯದ್ದು, ಹೆಚ್ಚು ಉಬ್ಬು. ತಂತಿ ತೀರಾ ಕೆಳಗಿದ್ದರೆ ಹನ್ನೆರಡನೇ ಫ್ರೆಟ್ಟಿನ ಆಚೆ ಸಣ್ಣ ತಂತಿಯನ್ನು ಎಳೆದು ಬಾಗಿಸಿದಾಗ ಅದು ಆ ಉಬ್ಬಿಗೆ ತಗುಲಿ ಸ್ವರ ಕಟ್ಟಿಕೊಳ್ಳುತ್ತದೆ. ತಂತಿಯನ್ನು ಒಂದಿಷ್ಟು ಎತ್ತರಿಸಿದರೆ ಗುಣ. ಪಿಕಪ್‌ನ ಅಯಸ್ಕಾಂತ ತಂತಿಗೆ ತೀರಾ ಹತ್ತಿರವಿದ್ದರೆ ಅದು ತಂತಿಯನ್ನೇ ಎಳೆಯುತ್ತದೆ. ಸ್ವರ ನಡುಗುತ್ತದೆ, ಬೇಗ ಆರುತ್ತದೆ. ಅದಕ್ಕೆ ಸ್ಕ್ರೂಡ್ರೈವರ್ ಸಾಕು. ಒತ್ತದೆ ಮೀಟಿದಾಗ ಮಾತ್ರ ಝುಯ್ ಎಂದರೆ ಗಿಟಾರಿನ ತಲೆಯ ಬಳಿ ತಂತಿಗಳು ಕೂರುವ ಪಟ್ಟಿ, ಅಂದರೆ ನಟ್, ಸವೆದಿದೆ. ಇನ್ನು ಆಂಪ್ಲಿಫೈಯರಿನಲ್ಲಿ ಕೇಳಿಸದ ಸಣ್ಣ ಝುಯ್ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ಬೇಡ.

ರಿಪೇರಿಗೆ ಹೋಗುವ ಮೊದಲು ಹೊಸ ತಂತಿ ಹಾಕಿ. ಯಾವ ತಂತಿ, ಎಷ್ಟನೇ ಫ್ರೆಟ್, ತಂತಿ ಇಳಿಸಿದಾಗ ಜಾಗ ಬದಲಾಯಿತೇ ಎಂಬುದನ್ನು ಚೀಟಿಯಲ್ಲಿ ಬರೆದು ಕೊಡಿ. ಅದನ್ನು ಓದಿಯೂ ಕೈ ಮೊದಲು ಅರದ ಕಡೆಗೇ ಹೋಗುವ ರಿಪೇರಿಯವರಾದರೆ, ಗಿಟಾರ್ ವಾಪಸು ತನ್ನಿ.