ಪೊರೆ ತೆಗೆದ ಮೇಲೆ

ನಮ್ಮ ಸೋದರತ್ತೆಯವರು ಕಳೆದ ವರ್ಷ ಬಲಗಣ್ಣಿನ ಪೊರೆಯನ್ನು ತೆಗೆಸಿಕೊಂಡು ಬಂದ ಮರುದಿನ, ಕಣ್ಣಿಗೆ ಮುಚ್ಚಿದ್ದ ಕವಚವನ್ನು ಬಿಚ್ಚಿದೊಡನೆ, ಪೆಟ್ಟಿಗೆಯಿಂದ ಒಂದು ಸೀರೆಯನ್ನು ತರಿಸಿ ತೊಡೆಯ ಮೇಲೆ ಹರಡಿಕೊಂಡು ಕುಳಿತರು. ಹತ್ತು ವರ್ಷಗಳಿಂದ ಹಸಿರೆಂದು ನಂಬಿ ಉಟ್ಟ ಸೀರೆ ಅದು. ಒಮ್ಮೆ ಬಲಗಣ್ಣನ್ನು ಮುಚ್ಚಿ ನೋಡಿದರು. ಒಮ್ಮೆ ಎಡಗಣ್ಣನ್ನು ಮುಚ್ಚಿ ನೋಡಿದರು. "ಮಗು, ಹಳೆಯ ಕಣ್ಣಿಗೆ ಇದು ಹಸಿರು, ಹೊಸ ಕಣ್ಣಿಗೆ ನೀಲಿ. ಯಾವ ಕಣ್ಣನ್ನು ನಂಬಲಿ?" ಎಂದು ಕೇಳಿದರು.

ಅತ್ತೆಯವರು ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು. ಉತ್ತರ ಸಿಕ್ಕದ ಪ್ರಶ್ನೆಯನ್ನು ಹಾಗೆಯೇ ಬಿಡುವ ಸ್ವಭಾವ ಅವರದಲ್ಲ. ಆಸ್ಪತ್ರೆಯಲ್ಲಿ ಸರದಿ ಉದ್ದ, ವೈದ್ಯರಿಗೆ ಬಿಡುವು ಕಡಮೆ. ಆದುದರಿಂದ ತಮ್ಮ ಸಂಶಯಗಳನ್ನೆಲ್ಲ ಒಂದು ರೂಲು ಪುಸ್ತಕದಲ್ಲಿ ಬರೆದಿಟ್ಟು, ಸಂಜೆ ನಾವು ಕಾಲೇಜಿನಿಂದ ಬಂದೊಡನೆ ಮುಂದಿಡುತ್ತಿದ್ದರು. ನಾವು ಭೌತಶಾಸ್ತ್ರದ ಉಪಾಧ್ಯಾಯರೇ ಹೊರತು ವೈದ್ಯರಲ್ಲ. ಆದರೂ ಅವರ ಪ್ರಶ್ನೆಗಳಲ್ಲಿ ಹೆಚ್ಚಿನವು ಬೆಳಕಿನ ಅಧ್ಯಾಯಕ್ಕೆ ಸೇರಿದವೇ ಆಗಿದ್ದುದರಿಂದ ಧೈರ್ಯವಾಗಿಯೇ ಉತ್ತರ ಕೊಡುತ್ತ ಹೋದೆವು. ಒಂದಕ್ಕೆ ಮಾತ್ರ ತಪ್ಪು ಉತ್ತರ ಕೊಟ್ಟೆವು. ಆ ಸಂಗತಿಯನ್ನು ಮುಂದೆ ಹೇಳುತ್ತೇವೆ.

ಕಣ್ಣಿನಲ್ಲಿ ಬೆಳಕನ್ನು ಬಾಗಿಸುವ ಭಾಗಗಳು ಎರಡು. ಮುಂದೆ ಗಡಿಯಾರದ ಗಾಜಿನಂತೆ ಕುಳಿತಿರುವ ಕಾರ್ನಿಯಾ ಒಂದು. ಪಾಪೆಯ ಹಿಂದೆ ತೆಳ್ಳನೆಯ ಚೀಲದೊಳಗಿರುವ ಮಸೂರ ಇನ್ನೊಂದು. ಮೀಟರಿನಲ್ಲಿ ಅಳೆದ ಸಂಗಮ ದೂರದಿಂದ ಒಂದನ್ನು ಭಾಗಿಸಿದರೆ ಬರುವ ಸಂಖ್ಯೆಗೆ ಡಯಾಪ್ಟರ್ ಎಂದು ಹೆಸರು. ಕಣ್ಣಿನ ಒಟ್ಟು ಸಾಮರ್ಥ್ಯ ಸುಮಾರು 60 ಡಯಾಪ್ಟರ್. ಅದರಲ್ಲಿ 43ರಷ್ಟು ಕಾರ್ನಿಯಾದ್ದೇ ಆದರೂ ಮಸೂರದ ಪಾಲು ಅಲ್ಪವಲ್ಲ. ಈ ಮಸೂರದೊಳಗಿನ ಪ್ರೋಟೀನುಗಳು ವಯಸ್ಸಾದಂತೆ ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ಬೆಂದ ಮೊಟ್ಟೆಯ ಬಿಳಿಯ ಭಾಗದಂತೆ ಅದು ಬೆಳಕನ್ನು ಚೆದರಿಸತೊಡಗುತ್ತದೆ. ಇದೇ ಪೊರೆ. ಪೊರೆ ಎಂಬ ಹೆಸರಿನಿಂದ ಕಣ್ಣಿನ ಮೇಲೆ ಏನೋ ತೆಳುವಾದುದು ಬೆಳೆದಿದೆ ಎಂಬ ಭ್ರಮೆ ಹುಟ್ಟುವುದುಂಟು. ನಿಜವಾಗಿ ಮಬ್ಬಾದುದು ಮಸೂರವೇ. ಶಸ್ತ್ರವೈದ್ಯರು ಅದನ್ನು ಪುಡಿಮಾಡಿ ಹೀರಿ ತೆಗೆದು, ಖಾಲಿಯಾದ ಅದೇ ಚೀಲದಲ್ಲಿ ಕೃತಕ ಮಸೂರವೊಂದನ್ನು ಇಡುತ್ತಾರೆ.

ಮಬ್ಬಾಗುವುದರ ಜೊತೆಗೆ ಮಸೂರ ಹಳದಿಯೂ ಆಗುತ್ತದೆ. ಬಲಿತ ಪೊರೆ ಕಷಾಯದ ಬಣ್ಣಕ್ಕೆ ತಿರುಗುವುದುಂಟು. ಹಳದಿ ಗಾಜು ನೀಲಿ ಬೆಳಕನ್ನು ತಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಈ ಬದಲಾವಣೆ ವರ್ಷಗಟ್ಟಲೆ ನಿಧಾನವಾಗಿ ನಡೆಯುವುದರಿಂದ ಮಿದುಳು ಅದಕ್ಕೆ ಹೊಂದಿಕೊಳ್ಳುತ್ತ ಹೋಗುತ್ತದೆ, ನೋಡುವವರಿಗೆ ಸುಳಿವೇ ಹತ್ತುವುದಿಲ್ಲ. ಒಂದು ಕಣ್ಣಿನ ಹಳದಿ ಗಾಜು ಒಂದೇ ದಿನದಲ್ಲಿ ಹೋದಾಗ ಎರಡು ಕಣ್ಣುಗಳ ಸಾಕ್ಷ್ಯ ಬೇರೆಯಾಗುತ್ತದೆ. ಸುಣ್ಣದ ಗೋಡೆ ಹೊಳೆಯುತ್ತದೆ, ಹಾಲು ನೀಲಿ ಬೆರೆತಂತೆ ಕಾಣುತ್ತದೆ. ಹೊಸ ಕಣ್ಣನ್ನೇ ನಂಬಬೇಕೆಂದು ಅತ್ತೆಯವರಿಗೆ ಹೇಳಿದೆವು. ಕೆಲವು ವಾರಗಳಲ್ಲಿ ಈ ನೀಲಿ ಕಣ್ಣಿಗೆ ರೂಢಿಯಾಗುತ್ತದೆ.

ಫ್ರಾನ್ಸಿನ ಪ್ರಸಿದ್ಧ ಚಿತ್ರಕಾರ ಕ್ಲೋದ್ ಮೊನೆಗೆ ಪೊರೆ ಇರುವುದು 1912ರಲ್ಲಿ ತಿಳಿಯಿತು. 1923ರಲ್ಲಿ ಬಲಗಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ಆತ ಬಣ್ಣಗಳೆಲ್ಲ ಕೆಟ್ಟುಹೋದುವೆಂದು ಸಂಕಟಪಟ್ಟನು. ಎಡಗಣ್ಣನ್ನು ಮುಟ್ಟಗೊಡಲೇ ಇಲ್ಲ. ಬಣ್ಣವೇ ಬದುಕಾಗಿದ್ದ ಮನುಷ್ಯನಿಗೆ ಎರಡು ಕಣ್ಣುಗಳ ಜಗಳ ಎಷ್ಟು ದುಸ್ಸಹವಾಗಿರಬೇಕು! ಆ ಕಾಲದಲ್ಲಿ ಕಣ್ಣಿನೊಳಗೆ ಮಸೂರವಿಡುವ ಪದ್ಧತಿ ಇರಲಿಲ್ಲವಾದುದರಿಂದ, ಸಹಜ ಮಸೂರ ತಡೆಯುತ್ತಿದ್ದ ಅತಿನೇರಳೆ ಕಿರಣಗಳೂ ಒಳನುಗ್ಗುತ್ತಿದ್ದುವು. ಇಂದಿನ ಕೃತಕ ಮಸೂರಗಳಲ್ಲಿ ಅವನ್ನು ಹೀರುವ ವಸ್ತುವನ್ನು ಬೆರೆಸಿರುತ್ತಾರೆ.

ಅತ್ತೆಯವರ ಎರಡನೆಯ ದೂರು ಅಡುಗೆಮನೆಯಿಂದ ಬಂತು. "ಮಹಡಿಯಿಂದ ಚಾಮುಂಡಿಬೆಟ್ಟದ ಗೋಪುರ ಕಾಣುತ್ತದೆ, ಮೊರದಲ್ಲಿರುವ ಅಕ್ಕಿಯ ಕಲ್ಲು ಕಾಣುವುದಿಲ್ಲ. ಮಸೂರವನ್ನು ತಪ್ಪಾಗಿ ಇಟ್ಟಿದ್ದಾರೆಯೋ?" ತಪ್ಪೇನೂ ಇಲ್ಲ. ದೂರದ ವಸ್ತುವಿನ ಕಿರಣಗಳು ಸಮಾಂತರವಾಗಿ ಬರುತ್ತವೆ. ಹತ್ತಿರದವು ಅಗಲುತ್ತ ಬರುತ್ತವೆ. 40 ಸೆಂಟಿಮೀಟರು ದೂರದಲ್ಲಿರುವ ಮೊರವನ್ನು ನೋಡಲು 2.5 ಡಯಾಪ್ಟರಿನಷ್ಟು ಹೆಚ್ಚಿನ ಸಾಮರ್ಥ್ಯ ಬೇಕು. ಎಳೆಯರ ಮಸೂರ ಉಬ್ಬಿಕೊಂಡು ಅದನ್ನು ಒದಗಿಸುತ್ತದೆ. ಕೃತಕ ಮಸೂರ ಉಬ್ಬಲಾರದು. ಸಾಮಾನ್ಯವಾಗಿ ಅದನ್ನು ದೂರಕ್ಕೆ ಹೊಂದಿಸಿ ಆರಿಸುತ್ತಾರೆ. ಓದಲು, ಅಕ್ಕಿ ಆರಿಸಲು ಕನ್ನಡಕ ಬೇಕೇ ಬೇಕು. ಗಾಯ ಮಾಗಿ ಕಾರ್ನಿಯಾದ ಆಕಾರ ನೆಲೆಗೊಂಡ ಮೇಲೆ, ಎಂದರೆ ಸುಮಾರು ಒಂದು ತಿಂಗಳಾದ ಮೇಲೆ, ಆ ಕನ್ನಡಕವನ್ನು ಬರೆದುಕೊಡುತ್ತಾರೆ. ಅಲ್ಲಿಯವರೆಗೆ ಕಾಯಬೇಕಾದುದೇ ಹಲವರಿಗೆ ದೊಡ್ಡ ಅಸಮಾಧಾನ. ದೂರಕ್ಕೂ ಹತ್ತಿರಕ್ಕೂ ಒದಗುವ ಬಹುಸಂಗಮ ಮಸೂರಗಳೂ ಉಂಟು. ಅವು ಬಂದ ಬೆಳಕನ್ನೇ ಪಾಲುಮಾಡಿ ಹಂಚುವುದರಿಂದ ಬಿಂಬದ ಕಳೆ ಸ್ವಲ್ಪ ಕುಂದುತ್ತದೆ, ರಾತ್ರಿ ದೀಪಗಳ ಸುತ್ತ ಬಳೆಗಳು ಕಾಣುತ್ತವೆ.

ಇಲ್ಲಿ ನಮ್ಮ ಅಜ್ಜನವರ ನೆನಪಾಗುತ್ತದೆ. ಡಾ. ಎಂ. ಸಿ. ಮೋದಿಯವರ ಹೆಸರು ಕನ್ನಡ ನಾಡಿನ ಹಳ್ಳಿಹಳ್ಳಿಗೂ ತಿಳಿದಿದ್ದ ನೇತ್ರ ಶಿಬಿರಗಳ ಕಾಲದಲ್ಲಿ ಪೊರೆಯನ್ನು ತೆಗೆದು, ಮಸೂರವಿಲ್ಲದ ಆ ಕಣ್ಣಿಗೆ ಸುಮಾರು 10 ಡಯಾಪ್ಟರಿನ ದಪ್ಪ ಕನ್ನಡಕವನ್ನು ಕೊಡುತ್ತಿದ್ದರು. ಜನ ಅದನ್ನು ಸೋಡಾಬುಡ್ಡಿ ಎಂದರು. ಅಂಥದೊಂದು ಕನ್ನಡಕ ನಮ್ಮ ಅಜ್ಜನವರ ಬಳಿಯೂ ಇತ್ತು. ಅದರ ಸಂಗಮ ದೂರ ಹತ್ತೇ ಸೆಂಟಿಮೀಟರು. ಬಾಲ್ಯದಲ್ಲಿ ನಾವು ಅದನ್ನು ಬಿಸಿಲಿಗೆ ಹಿಡಿದು ಕಾಗದ ಸುಟ್ಟು ಬೈಸಿಕೊಂಡದ್ದುಂಟು. ಅದರಲ್ಲಿ ವಸ್ತುಗಳು ಕಾಲುಭಾಗದಷ್ಟು ದೊಡ್ಡದಾಗಿಯೂ ಹತ್ತಿರವಾಗಿಯೂ ಕಾಣುತ್ತಿದ್ದುವು. ಅಜ್ಜನವರು ಲೋಟಕ್ಕೆ ಕೈಚಾಚಿದರೆ ಕೈ ಮೊದಮೊದಲು ಲೋಟದ ಈಚೆಗೇ ನಿಲ್ಲುತ್ತಿತ್ತಂತೆ. ಕನ್ನಡಕದ ಅಂಚಿನ ಸುತ್ತ ಏನೂ ಕಾಣದ ಒಂದು ವಲಯವಿರುತ್ತಿತ್ತು. ಬೀದಿಯಲ್ಲಿ ಎತ್ತಿನ ಗಾಡಿ ಆ ವಲಯದಿಂದ ಧುತ್ತೆಂದು ಎದುರಿಗೆ ಬಂದು ನಿಲ್ಲುತ್ತಿತ್ತು. ಮಸೂರವನ್ನು ಕಣ್ಣಿನ ಹೊರಗಿಡುವ ಬದಲು ಒಳಗೇ ಇಟ್ಟರೆ ಈ ತೊಡಕುಗಳೆಲ್ಲ ತಪ್ಪುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಒಡೆದ ವಿಮಾನದ ಮೇಲ್ಛಾವಣಿಯ ಪರ್ಸ್ಪೆಕ್ಸ್ ಚೂರುಗಳು ವೈಮಾನಿಕರ ಕಣ್ಣಿನಲ್ಲಿ ನಾಟಿಯೂ ಕಣ್ಣು ಅವನ್ನು ಸಹಿಸಿಕೊಂಡದ್ದನ್ನು ಹೆರಲ್ಡ್ ರಿಡ್ಲಿ ಎಂಬ ಇಂಗ್ಲೆಂಡಿನ ವೈದ್ಯರು ಕಂಡಿದ್ದರು. 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರು ಅದೇ ಜಾತಿಯ ವಸ್ತುವಿನ ಮಸೂರವನ್ನು ಮೊದಲ ಬಾರಿಗೆ ಕಣ್ಣಿನೊಳಗೆ ಇಟ್ಟರು. ವೃತ್ತಿಬಾಂಧವರು ಬಹುಕಾಲ ಅವರನ್ನು ವಿರೋಧಿಸಿದರು. ಮುಪ್ಪಿನಲ್ಲಿ ರಿಡ್ಲಿಯವರೇ ಅದೇ ಆಸ್ಪತ್ರೆಯಲ್ಲಿ ಅಂಥ ಮಸೂರವನ್ನು ಇಡಿಸಿಕೊಂಡರು. ನಮ್ಮಲ್ಲಿ ಮದುರೆಯ ಅರೋಲ್ಯಾಬ್ ಸಂಸ್ಥೆ 1992ರಿಂದ ಈ ಮಸೂರಗಳನ್ನು ತಯಾರಿಸತೊಡಗಿದ ಮೇಲೆ ಅವು ಬಡವರ ಕೈಗೂ ಎಟುಕಿದುವು.

ಅಜ್ಜನವರ ಕಾಲದ ಶಸ್ತ್ರಚಿಕಿತ್ಸೆಯ ನೆನಪಿನಿಂದಲೇ ಮನೆಗೆ ಬಂದ ನೆಂಟರು ಅತ್ತೆಯವರಿಗೆ ನೂರು ಪಥ್ಯ ಹೇಳಿದರು: ಬದನೆಕಾಯಿ ನಂಜು, ಅಲುಗಾಡದೆ ಮಲಗಿರಬೇಕು, ಗಟ್ಟಿಯಾದುದನ್ನು ಅಗಿಯಬಾರದು. ಆಗಿನ ಗಾಯ ಒಂದು ಸೆಂಟಿಮೀಟರಿಗೂ ಮಿಗಿಲು, ಹೊಲಿಗೆ ಹಾಕಬೇಕಾಗಿತ್ತು. ಅತ್ತೆಯವರ ಕಣ್ಣಿನ ಗಾಯ ಮೂರು ಮಿಲಿಮೀಟರಿಗೂ ಕಿರಿದು. ಅದನ್ನು ಓರೆಯಾಗಿ ಕೊಯ್ದಿರುತ್ತಾರಾದುದರಿಂದ ಕಣ್ಣಿನೊಳಗಿನ ಒತ್ತಡವೇ ಒಳತುಟಿಯನ್ನು ಒತ್ತಿ ಪಂಪಿನ ಕವಾಟದಂತೆ ಮುಚ್ಚಿ ಹಿಡಿಯುತ್ತದೆ. ಬದನೆಕಾಯಿಗೂ ಇದಕ್ಕೂ ಸಂಬಂಧವಿಲ್ಲ. ಕಣ್ಣನ್ನು ಉಜ್ಜುವುದು, ಕೊಳಾಯಿಯ ನೀರು ಕಣ್ಣಿಗೆ ಬೀಳಗೊಡುವುದು, ಕೈ ತೊಳೆಯದೆ ಔಷಧದ ಹನಿ ಹಾಕುವುದು, ಇವು ಮಾತ್ರ ನಿಜವಾಗಿ ಕೂಡದ ಕೆಲಸಗಳು.

ಮೂರನೆಯ ಪ್ರಶ್ನೆ ಬಹಳ ಸ್ವಾರಸ್ಯವಾದುದು. ಕಣ್ಣಿನ ಹೊರಗಡೆ, ಕಿವಿಯ ಪಕ್ಕದಲ್ಲಿ, ಬಿದಿಗೆಯ ಚಂದ್ರನಂಥ ಕರಿಯ ನೆರಳೊಂದು ಮೊದಲ ದಿನದಿಂದಲೂ ನಿಂತಿತ್ತು. ಯಾರೋ ಬಳಿ ನಿಂತಿದ್ದಾರೆಂದು ಅತ್ತೆಯವರು ಪದೇ ಪದೇ ತಿರುಗಿ ನೋಡುತ್ತಿದ್ದರು. ಸಹಜ ಮಸೂರ ಸುಮಾರು ಒಂಬತ್ತು ಮಿಲಿಮೀಟರು ಅಗಲ. ಕೃತಕ ಮಸೂರದ ಗಾಜು ಸುಮಾರು ಆರು ಮಾತ್ರ, ದಪ್ಪವೂ ತೀರ ಕಡಮೆ. ಬಹಳ ಓರೆಯಾಗಿ ಬಂದ ಕಿರಣಗಳಲ್ಲಿ ಕೆಲವು ಮಸೂರದ ಮೂಲಕ ಹಾಯ್ದು ಬಾಗುತ್ತವೆ. ಕೆಲವು ಅದರ ಅಂಚಿನಾಚೆಗೆ ನುಸುಳಿ ಬಾಗದೆ ಹೋಗುತ್ತವೆ. ಇವೆರಡರ ನಡುವೆ ಅಕ್ಷಿಪಟಲದ ಒಂದು ಪಟ್ಟಿಗೆ ಬೆಳಕೇ ದಕ್ಕುವುದಿಲ್ಲ. ನೆರಳಿಗೆ ಇದೇ ಮುಖ್ಯ ಕಾರಣವೆಂದು ಬಹುಮಂದಿ ಭಾವಿಸುತ್ತಾರೆ, ವಾದ ಪೂರ್ತಿಯಾಗಿ ಮುಗಿದಿಲ್ಲ. ಹೆಚ್ಚಿನವರಲ್ಲಿ ಕೆಲವು ವಾರ ಅಥವಾ ತಿಂಗಳುಗಳೊಳಗೆ ಮಿದುಳು ಅದನ್ನು ಗಮನಿಸುವುದನ್ನು ಬಿಡುತ್ತದೆ.

ರಾತ್ರಿ ಬೀದಿಯ ದೀಪಗಳಿಂದ ಬೆಳಕಿನ ಗೆರೆಗಳೂ ಕಮಾನುಗಳೂ ಏಳುತ್ತಿದ್ದುದು ಈ ನೆರಳಿನ ಜೋಡಿ ದೂರು. ಮಸೂರದ ಅಂಚನ್ನು ಚೌಕವಾಗಿ ಕತ್ತರಿಸಿರುತ್ತಾರೆ. ಓರೆ ಬೆಳಕು ಅದಕ್ಕೆ ತಗಲಿ ಪ್ರತಿಫಲಿಸುತ್ತದೆ. ದುಂಡಗೆ ಮಾಡಬಾರದಿತ್ತೆ ಎಂದರೆ, ಆ ಚೌಕದ ಅಂಚೇ ಚೀಲದ ಹಿಂಗೋಡೆಯ ಮೇಲೆ ಜೀವಕೋಶಗಳು ಹಬ್ಬದಂತೆ ತಡೆಯುವ ಬೇಲಿ. ಅವು ಹಬ್ಬಿದರೆ ತಿಂಗಳುಗಳ ಅಥವಾ ವರ್ಷಗಳ ಮೇಲೆ ದೃಷ್ಟಿ ಮತ್ತೆ ಮಸುಕಾಗುತ್ತದೆ. "ಪೊರೆ ಮತ್ತೆ ಬಂತು" ಎಂದು ಜನ ಹೇಳುವುದು ಇದನ್ನೇ. ಅದು ಪೊರೆಯಲ್ಲ, ತೆಗೆದ ಮಸೂರ ಮತ್ತೆ ಬೆಳೆಯುವುದಿಲ್ಲ. 1064 ನ್ಯಾನೋಮೀಟರು ಅಲೆಯುದ್ದದ ಲೇಸರಿನ ಕ್ಷಣಮಾತ್ರದ ಮಿಡಿತಗಳಿಂದ ಆ ಗೋಡೆಯ ನಡುವೆ ಕಿಂಡಿ ತೆರೆದರೆ ಮಸುಕು ಹೋಗುತ್ತದೆ, ಕಣ್ಣನ್ನು ಕೊಯ್ಯಬೇಕಾದುದಿಲ್ಲ.

ನಮ್ಮ ಮಗಳು ಒಂದು ಸಂಜೆ "ಅಜ್ಜಿಯ ಕಣ್ಣು ಬೆಕ್ಕಿನ ಕಣ್ಣಿನಂತೆ ಮಿಂಚಿತು" ಎಂದು ಬೆದರಿ ಓಡಿಬಂದಳು. ಅದೂ ಪ್ರತಿಫಲನವೇ. ಹೊಸ ಮಸೂರದ ವಕ್ರೀಭವನಾಂಕ ಸಹಜ ಮಸೂರದ್ದಕ್ಕಿಂತ ಹೆಚ್ಚು; ಸೂತ್ರ ಹಾಕಿ ನೋಡಿದರೆ ಅದರ ಮೇಲ್ಮೈ ಹತ್ತಾರು ಪಟ್ಟು ಹೆಚ್ಚಾಗಿ ಮಿಂಚಬೇಕೆಂದು ಬರುತ್ತದೆ. ಹೀಗೆ ನಮಗೆ ಉತ್ತರಗಳು ಸಲೀಸಾಗಿ ಹೊಳೆಯುತ್ತಿದ್ದುವು. ಸಲೀಸಾದುದೇ ಕೇಡಾಯಿತು.

ಮೂರು ತಿಂಗಳು ಕಳೆದಿರಬಹುದು. ಒಂದು ಬೆಳಗ್ಗೆ ಅತ್ತೆಯವರು ಪುಸ್ತಕದಲ್ಲಿ ಬರೆಯದೆ ಬಾಯಲ್ಲೇ ಹೇಳಿದರು: "ರಾತ್ರಿ ಮೂಲೆಯಲ್ಲಿ ಮಿಂಚು ಹೊಡೆದಂತಾಗುತ್ತದೆ. ಸೊಳ್ಳೆಗಳಂಥವು ನಾಲ್ಕಾರು ತೇಲುತ್ತವೆ." ನಾವು ಕಾಲೇಜಿಗೆ ಹೊರಟಿದ್ದೆವು. ಚೌಕದ ಅಂಚಿನ ಪ್ರತಿಫಲನದ ಕಥೆಯನ್ನೇ ಮತ್ತೆ ಹೇಳಿ ಚಪ್ಪಲಿ ಮೆಟ್ಟಿದೆವು. ಬಾಗಿಲವರೆಗೆ ಬಂದ ಅತ್ತೆಯವರು, "ದೀಪ ಆರಿಸಿ, ಕಣ್ಣು ಮುಚ್ಚಿ ಮಲಗಿರುತ್ತೇನೆ, ಮಗು. ಪ್ರತಿಫಲಿಸುವುದಕ್ಕೆ ಬೆಳಕೆಲ್ಲಿದೆ?" ಎಂದರು.

ನಾವು ನಿಂತೆವು. ಪ್ರಥಮ ವರ್ಷದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಅದು. ದೀಪವಿಲ್ಲದೆ ಪ್ರತಿಫಲನವಿಲ್ಲ, ಕತ್ತಲಲ್ಲಿ ಕಾಣುವ ಮಿಂಚು ಮಸೂರದ್ದಾಗಲಾರದು. ಕಣ್ಣಿನ ಒಳಗನ್ನು ತುಂಬಿರುವ ಗಾಜಿನಂಥ ಲೋಳೆ ವಯಸ್ಸಿನೊಡನೆ ಕುಗ್ಗಿ ಹಿಂದಿನ ಅಕ್ಷಿಪಟಲದಿಂದ ಕಳಚಿಕೊಳ್ಳುತ್ತದೆ. ಪೊರೆ ತೆಗೆದ ಕಣ್ಣಿನಲ್ಲಿ ಇದು ಬೇಗನೆ ನಡೆಯುವುದುಂಟು. ಕಳಚುವಾಗ ಅದು ಅಕ್ಷಿಪಟಲವನ್ನು ಜಗ್ಗಿದರೆ, ಬೆಳಕಲ್ಲದೆ ಬೇರೊಂದು ಭಾಷೆಯನ್ನರಿಯದ ಆ ಪಟಲ ಜಗ್ಗನ್ನೂ ಮಿಂಚೆಂದೇ ಮಿದುಳಿಗೆ ಹೇಳುತ್ತದೆ. ಬಹುಮಂದಿಯಲ್ಲಿ ಅಲ್ಲಿಗೇ ಮುಗಿಯುತ್ತದೆ. ಕೆಲವರಲ್ಲಿ ಪಟಲ ಹರಿಯುತ್ತದೆ. ಹರಕಿನೊಳಗೆ ದ್ರವ ನುಗ್ಗಿದರೆ ಗೋಡೆಯ ಕಾಗದದಂತೆ ಅದು ಸುಲಿದು ಬರುತ್ತದೆ, ಒಂದು ಕಡೆಯಿಂದ ಪರದೆ ಇಳಿದಂತೆ ಕತ್ತಲಾಗುತ್ತದೆ. ಯಾರದು ಯಾವ ಬಗೆ ಎಂಬುದನ್ನು ಪಾಪೆಯನ್ನು ಹಿಗ್ಗಿಸಿ ನೋಡಿದ ವೈದ್ಯರೇ ಹೇಳಬೇಕು.

ಆ ದಿನ ರಜೆ ಹಾಕಿ ಅತ್ತೆಯವರನ್ನು ಕರೆದುಕೊಂಡು ಹೋದೆವು. ಅಕ್ಷಿಪಟಲದ ಅಂಚಿನಲ್ಲಿ ಸಣ್ಣ ಹರಕೊಂದಿತ್ತು. ಪಟಲ ಇನ್ನೂ ಸುಲಿದಿರಲಿಲ್ಲ. ಅದರ ಸುತ್ತ ಲೇಸರಿನಿಂದ ಚುಕ್ಕೆಯಿಟ್ಟು ಬೆಸೆದರು. ಸಂಜೆಗೆ ಮನೆಗೆ ಮರಳಿದೆವು.

ಆಸ್ಪತ್ರೆಯವರು ಮೊದಲ ದಿನವೇ ಕೊಟ್ಟಿದ್ದ ಹಾಳೆಯನ್ನು ಅಂದು ರಾತ್ರಿ ಹುಡುಕಿ ಓದಿದೆವು. ಎಲ್ಲವೂ ಅದರಲ್ಲಿತ್ತು: ಮೊದಲ ದಿನಗಳಲ್ಲಿ ನೋವು ಕಡಮೆಯಾಗುವ ಬದಲು ಏರುವುದು, ಕೆಂಪು ಹೆಚ್ಚುವುದು, ಬಂದ ದೃಷ್ಟಿ ಮತ್ತೆ ಕುಂದುವುದು, ಇವು ಕಣ್ಣಿನೊಳಗೆ ಸೋಂಕು ತಗಲಿದ ಗುರುತುಗಳಾಗಿರಬಹುದು, ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆಗೆ ಬರಬೇಕು, ಮುಂದೆ ಯಾವಾಗಲಾದರೂ ಹೊಸದಾಗಿ ಮಿಂಚು, ತೇಲುವ ಚುಕ್ಕೆಗಳು, ಬೆಳೆಯುವ ನೆರಳು ಕಂಡರೆ ಆ ದಿನವೇ ಬರಬೇಕು. ಬಿದಿಗೆಯ ಚಂದ್ರನಂಥ ನೆರಳು ಮೊದಲ ದಿನದಿಂದ ಇದ್ದಲ್ಲೇ ಇರುತ್ತದೆ. ಹರಕಿನ ನೆರಳು ಹೊಸದಾಗಿ ಬಂದು ಬೆಳೆಯುತ್ತದೆ. ನಾವು ಆ ಹಾಳೆಯನ್ನು ಮಡಿಚಿ ಕನ್ನಡಕದ ಪೆಟ್ಟಿಗೆಯಲ್ಲಿಟ್ಟು ಮರೆತಿದ್ದೆವು.

ಎಡಗಣ್ಣಿನ ಪೊರೆಯನ್ನೂ ಈಗ ತೆಗೆದಾಗಿದೆ. ಈ ಸಲ ಅತ್ತೆಯವರು ರೂಲು ಪುಸ್ತಕದ ಮೊದಲ ಪುಟಕ್ಕೆ ಆ ಹಾಳೆಯನ್ನು ಅಂಟಿಸಿ, ಮಿಂಚಿನ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದಾರೆ. ಸೀರೆ ಎರಡು ಕಣ್ಣಿಗೂ ನೀಲಿಯಾಗಿಯೇ ಕಾಣುತ್ತದೆ. ಆದರೆ ಪೆಟ್ಟಿಗೆಯಿಂದ ಅದನ್ನು ತರಹೇಳುವಾಗ ಅವರು ಈಗಲೂ "ಆ ಹಸಿರು ಸೀರೆ" ಎಂದೇ ಹೇಳುತ್ತಾರೆ.