ಶೈಲಿಯ ಸಂಖ್ಯಾಮೌಲ್ಯಗಳ ಹೋಲಿಕೆ

ಶೈಲಿಯ ಸಂಖ್ಯಾಮೌಲ್ಯಗಳ ಹೋಲಿಕೆ ಎಂದರೆ ಜಾಲಪುಟದ ಅಂಶಗಳಿಗೆ ಸಿಎಸ್‌ಎಸ್ ಮೂಲಕ ನೀಡಲಾದ ಅಗಲ, ಎತ್ತರ, ಅಂಚು ಮುಂತಾದ ಅಳತೆಗಳನ್ನು ಜಾವಾಸ್ಕ್ರಿಪ್ಟ್‌ನಿಂದ ಓದಿ, ಅವುಗಳಲ್ಲಿ ಯಾವುದು ದೊಡ್ಡದೆಂದು ನಿರ್ಣಯಿಸುವ ಕ್ರಮ. ಬ್ರೌಸರ್ ಈ ಅಳತೆಗಳನ್ನು ಸಾಮಾನ್ಯವಾಗಿ ಸಂಖ್ಯೆಯಾಗಿ ಕೊಡುವುದಿಲ್ಲ; ಮಾನವೂ ಸೇರಿದ ಸ್ಟ್ರಿಂಗ್ ಆಗಿ, ಅಂದರೆ ಅಕ್ಷರಗಳ ಸಾಲಾಗಿ ಕೊಡುತ್ತದೆ. ಈ ವಿಷಯದ ಬಹುಪಾಲು ದೋಷಗಳಿಗೆ ಇದೇ ಮೂಲ.

ಉದಾಹರಣೆ

ಶಿವಮೊಗ್ಗ ನಗರದಿಂದ ಭದ್ರಾವತಿಗೆ ಸುಮಾರು 20 ಕಿ.ಮೀ., ಜೋಗ ಜಲಪಾತಕ್ಕೆ ಸುಮಾರು 100 ಕಿ.ಮೀ. ದೂರವಿದೆ. ಕಿಲೋಮೀಟರಿಗೆ ಒಂದು ಪಿಕ್ಸೆಲ್‌ನಂತೆ ಈ ದೂರಗಳನ್ನು ಪಟ್ಟಿಗಳಾಗಿ ಚಿತ್ರಿಸಿದರೆ, ಅವುಗಳ ಅಗಲ 20 ಮತ್ತು 100 ಪಿಕ್ಸೆಲ್ ಆಗುತ್ತದೆ. ಈ ಅಗಲಗಳನ್ನು ಶೈಲಿಯಿಂದ ಓದಿ ನೇರವಾಗಿ ಹೋಲಿಸಿದಾಗ ಭದ್ರಾವತಿಯೇ ಜೋಗಕ್ಕಿಂತ ದೂರವೆಂಬ ಉತ್ತರ ಬರುತ್ತದೆ. ಸ್ಟ್ರಿಂಗ್‌ಗಳ ಹೋಲಿಕೆ ನಿಘಂಟಿನ ಪದಕ್ರಮದಂತೆ ಎಡದಿಂದ ಅಕ್ಷರಕ್ಕೆ ಅಕ್ಷರವಾಗಿ ನಡೆಯುವುದರಿಂದ, ಮೊದಲ ಅಕ್ಷರಗಳಾದ 2 ಮತ್ತು 1ರಲ್ಲೇ ತೀರ್ಮಾನ ಮುಗಿದಿರುತ್ತದೆ. ಎರಡೂ ಅಳತೆಗಳು ಎರಡಂಕಿಯವಾಗಿದ್ದರೆ ಉತ್ತರ ಸರಿಯಾಗಿಯೇ ಬರುವ ಕಾರಣ ಈ ದೋಷ ಪರೀಕ್ಷೆಯಲ್ಲಿ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ.

ಪರಿವರ್ತನೆ

ಪಾರ್ಸ್‌ಫ್ಲೋಟ್ ಎಂಬ ಕಾರ್ಯವು ಸ್ಟ್ರಿಂಗ್‌ನ ಆರಂಭದ ಸಂಖ್ಯೆಯನ್ನು ಮಾತ್ರ ತೆಗೆದುಕೊಂಡು ಉಳಿದುದನ್ನು ಬಿಡುತ್ತದೆ. ಆದರೆ ಅದು ಮಾನವನ್ನೂ ಬಿಟ್ಟುಬಿಡುವುದರಿಂದ ಶೇಕಡಾ 50 ಹಾಗೂ 40 ಪಿಕ್ಸೆಲ್‌ಗಳು ಬರಿಯ 50 ಮತ್ತು 40 ಆಗಿ ಉಳಿಯುತ್ತವೆ. ಇಂತಹ ಹೋಲಿಕೆಗೆ ಅರ್ಥವಿಲ್ಲ. ಮೌಲ್ಯವು ‘ಆಟೋ’ ಆಗಿದ್ದರೆ ಅಥವಾ ಖಾಲಿಯಿದ್ದರೆ ‘ಸಂಖ್ಯೆಯಲ್ಲ’ ಎಂಬ ಅರ್ಥದ ನ್ಯಾನ್ ದೊರೆಯುತ್ತದೆ. ಅದರೊಂದಿಗೆ ಹೆಚ್ಚು, ಕಡಿಮೆ, ಸಮ ಎಂದು ಮಾಡಿದ ಯಾವ ಹೋಲಿಕೆಯೂ ಸುಳ್ಳೇ ಆಗುತ್ತದೆ, ದೋಷಸಂದೇಶವೂ ಬರುವುದಿಲ್ಲ. ಅಂಶದ ಸ್ಟೈಲ್ ಗುಣವು ಆ ಅಂಶದ ಮೇಲೆಯೇ ಬರೆದ ಶೈಲಿಯನ್ನಷ್ಟೇ ತಿಳಿಸುತ್ತದೆ. ಪ್ರತ್ಯೇಕ ಶೈಲಿಹಾಳೆಯಿಂದ ಬಂದದ್ದು ಅಲ್ಲಿ ಖಾಲಿಯಾಗಿ ಕಾಣುತ್ತದೆ. ಅಂತಹ ಮೌಲ್ಯವನ್ನು ಗೆಟ್‌ಕಂಪ್ಯೂಟೆಡ್‌ಸ್ಟೈಲ್‌ನಿಂದ ಓದಬೇಕು. ತೆರೆಯ ಮೇಲಿನ ನಿಜವಾದ ಅಗಲವೇ ಬೇಕಿದ್ದಲ್ಲಿ ಗೆಟ್‌ಬೌಂಡಿಂಗ್‌ಕ್ಲೈಂಟ್‌ರೆಕ್ಟ್ ಅದನ್ನು ಸಂಖ್ಯೆಯಾಗಿಯೇ ಕೊಡುತ್ತದೆ. ಕ್ರೋಮ್ 2018ರಲ್ಲಿ ಅಳವಡಿಸಿಕೊಂಡ ಸಿಎಸ್‌ಎಸ್ ಟೈಪ್ಡ್ ಓಎಮ್, ಸಂಖ್ಯೆ ಮತ್ತು ಮಾನಗಳನ್ನು ಬೇರೆಬೇರೆಯಾಗಿ ಒದಗಿಸುತ್ತದೆ.

ಕನ್ನಡ ಅಂಕಿಗಳು

ಪಟ್ಟಿಯ ಕ್ರಮಸಂಖ್ಯೆಗಳನ್ನು ಕನ್ನಡ ಅಂಕಿಗಳಲ್ಲಿ ತೋರಿಸಲು ಸಿಎಸ್‌ಎಸ್‌ನಲ್ಲಿ ಅವಕಾಶವಿದ್ದರೂ ಅಳತೆಗಳನ್ನು ಕನ್ನಡ ಅಂಕಿಗಳಲ್ಲಿ ಬರೆಯುವಂತಿಲ್ಲ. ಪುಟದಲ್ಲಿ ಮುದ್ರಿತವಾದ ‘೨೦’ ಎಂಬುದನ್ನು ಓದಿ ಅದನ್ನೇ ಅಗಲವಾಗಿ ನೀಡಿದರೆ ಬ್ರೌಸರ್ ಅದನ್ನು ಸದ್ದಿಲ್ಲದೆ ತಿರಸ್ಕರಿಸಿ ಹಳೆಯ ಅಗಲವನ್ನೇ ಉಳಿಸಿಕೊಳ್ಳುತ್ತದೆ. ಪಾರ್ಸ್‌ಫ್ಲೋಟ್‌ಗೂ ಅದು ಸಂಖ್ಯೆಯಲ್ಲ. ಆದ್ದರಿಂದ ಕನ್ನಡ ಪುಟಗಳಲ್ಲಿ ಮೂಲ ಸಂಖ್ಯೆಯನ್ನು 0–9 ಅಂಕಿಗಳಲ್ಲಿ ಪ್ರತ್ಯೇಕವಾಗಿ ಇರಿಸಿಕೊಂಡು, ಹೋಲಿಕೆಯನ್ನು ಅದರಿಂದಲೇ ಮಾಡಿ, ಓದುಗರಿಗೆ ತೋರಿಸುವಾಗ ಮಾತ್ರ ಕನ್ನಡ ಅಂಕಿಗೆ ಬದಲಿಸುವುದು ಸೂಕ್ತ.